ಮುನ್ನೂರ ಒಂದನೇ ಮೀನು

ಮರಳಿನ ಮೇಲೆ ಹಾರುಮೀನುಗಳ ರೆಕ್ಕೆಗಳು ಹೊಳೆಯುತ್ತಿವೆ, ಕಣ್ಣು ಅರೆ ಮುಚ್ಚಿದರೆ ಅವು ಇನ್ನೂ ಹಾರುತ್ತಲೇ ಇವೆ, ಬೆಳಗಿನ ಆಕಾಶದಿಂದ ಈಗಷ್ಟೇ ಉದುರಿದವು ಅನ್ನಿಸುತ್ತದೆ — ಮುನ್ನೂರ ಒಂದು, ಎಂದು ಕಲೋಲೊ ಮಾವ ಕೂಗಿದ, ದೋಣಿಗಳೆಲ್ಲ ತಂದದ್ದು ಅಷ್ಟು, ನಮ್ಮ ದ್ವೀಪದಲ್ಲಿ ಹಿಡಿದವನದ್ದೇ ಮೀನು ಅನ್ನುವ ಮಾತಿಲ್ಲ, ಎಲ್ಲ ಇಲ್ಲಿಗೇ ಬಂದು ಬೀಳಬೇಕು, ಕಲೋಲೊ ಮಾವ ಮನೆಗಳ ಗುಂಪಿಗೊಂದು ರಾಶಿ ಹಾಕಬೇಕು, ಅದೇ ಇನಾತಿ, ನಾನು ಹುಟ್ಟಿದಾಗಿನಿಂದ ಏಳು ರಾಶಿ, ಇವತ್ತು ಆರು. ಆರಂತೆ. ಅಪ್ಪ ಸತ್ತು ತಿಂಗಳಾಗಿಲ್ಲ, ನಿಮ್ಮ ಗುಂಪಿಗೆ ಯಜಮಾನ ಇಲ್ವಲ್ಲ ಹೆಲೀನಾ, ಫಾಲನಿಕೊನ ಗುಂಪಿಗೆ ಸೇರ್ಕೊಂಡುಬಿಡಿ, ಅಂದರು ಹಿರಿಯರು, ಚಾಪೆ ಬದಲಾಯಿಸಿದಷ್ಟು ಸಲೀಸಾಗಿ, ಅವರಲ್ಲಿರುವಷ್ಟೇ ಬಾಯಿ ನಮ್ಮಲ್ಲೂ ಇವೆ, ಎರಡು ಗುಂಪಿಗೆ ಒಂದೇ ರಾಶಿ, ಅರ್ಧ ಹೊಟ್ಟೆಯಲ್ಲಿ ಮಲಗಿ ಅನ್ನುವುದಕ್ಕೆ ಎಷ್ಟು ಸುತ್ತು ಬಳಸು, ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ, ಆದರೆ ಈ ಸಂಖ್ಯೆ ಕಿವಿಗೆ ಬಿದ್ದಿದ್ದೇ ನಾಲಿಗೆ ಎಲ್ಲೋ ತೇಲಿಹೋಗಿದೆ, ಮುನ್ನೂರ ಒಂದು, ಮುನ್ನೂರ ಒಂದು — ಚಿಕ್ಕಂದಿನ ಶಾಲೆಯ ಅಂಗಳ, ಬಿಳಿ ಹವಳದ ಚೂರುಗಳು, ಅವೂ ಮುನ್ನೂರ ಒಂದು, ಲೆಪಾಯೊ ಮೇಷ್ಟ್ರು ಬುಟ್ಟಿ ಸುರಿದು ಸಾಲು ಮಾಡು ಅನ್ನುತ್ತಾರೆ, ಎರಡೆರಡು ಇಡುತ್ತೇನೆ, ಒಂದು ಉಳಿಯುತ್ತದೆ, ಮೂರು ಮೂರು ಇಟ್ಟರೂ ಒಂದು, ನಾಲ್ಕರಲ್ಲಿ, ಐದರಲ್ಲಿ, ಆರರಲ್ಲೂ ಅದೇ, ಯಾವ ಸಾಲಿಗೂ ಸೇರದೆ ಮೊಂಡು ಹಿಡಿದು ಕೂತ ಒಂದೇ ಚೂರು, ಸಮುದ್ರಕ್ಕೆ ಎಸೆಯಲು ಕೈ ಎತ್ತಿದೆ, ಮೇಷ್ಟ್ರು ಮಣಿಕಟ್ಟು ಹಿಡಿದರು, ಅದೇನ್ ಮಾಡ್ತು ನಿಂಗೆ, ಏಳೇಳು ಇಟ್ ನೋಡು, ಇಟ್ಟೆ, ಬಿಸಿಲು ಬೆನ್ನ ಮೇಲೆ ಜೇನಿನ ಹಾಗೆ ಇಳಿಯುತ್ತಿತ್ತು, ನಲವತ್ತಮೂರನೇ ಸಾಲು ತುಂಬಿತು, ಒಂದೂ ಉಳಿಯಲಿಲ್ಲ —

ಕಲೋಲೊ ಮಾವನ ಕೈ ಆರು ರಾಶಿಗಳ ಮೇಲೆ ಸುತ್ತುತ್ತಿದೆ, ರಾಶಿಗೊಂದು, ರಾಶಿಗೊಂದು, ನಿದ್ದೆಯಲ್ಲಿ ತೊಟ್ಟಿಲು ತೂಗಿದಂತೆ, ರಾಶಿಗೆ ಐವತ್ತಾಯಿತು, ಕೈಯಲ್ಲಿ ಒಂದು ಉಳಿಯಿತು, ಉಳಿಯದೆ ಎಲ್ಲಿ ಹೋಗುತ್ತದೆ, ಅತ್ತ ನೋಡಿದ, ಇತ್ತ ನೋಡಿದ, ನನ್ನ ಅಂಗೈಗೆ ಇಟ್ಟ, ತಗೋ ಹೆಲೀನಾ, ಅಮ್ಮನಿಗೆ ಸುಟ್ಟುಕೊಡು, ಫಾಲನಿಕೊನ ಹೆಂಡತಿ ಕಿಸಕ್ಕೆಂದಳು, ನಿನ್ನ ಅದೃಷ್ಟ ಕಣೆ, ಎಲ್ಲರಿಗಿಂತ ಒಂದು ಹೆಚ್ಚು, ಇವಳ ಹಲ್ಲು ಉದುರಿಸಲೇ, ಬೇಡ, ಮೀನು ತಣ್ಣಗಿದೆ, ಒಂದು ರೆಕ್ಕೆ ಮುಚ್ಚಿದೆ ಒಂದು ಬಿಚ್ಚಿದೆ, ಪಾಲಿನ ಮೀನು ಭಾರವಿರುತ್ತದೆ, ಇದಕ್ಕೆ ತೂಕವೇ ಇಲ್ಲ, ಭಿಕ್ಷೆಯದ್ದು, ಕಾಲು ತಾನಾಗಿ ನಡೆಯಿತು, ಆರನೇ ರಾಶಿ ದಾಟಿ, ಅಪ್ಪ ನಿಲ್ಲುತ್ತಿದ್ದ ಜಾಗದವರೆಗೆ, ಬರಿ ಮರಳಿನ ಮೇಲೆ ಅದನ್ನು ಮಲಗಿಸಿದೆ. ಇದು ಏಳನೇ ರಾಶಿ ಮಾವ, ಇನ್ನೂ ತುಂಬಿಲ್ಲ, ಅಂದೆ, ನನ್ನ ದನಿಯೇ ಅಷ್ಟು ಮೆತ್ತಗೆ ಬಂತೆ, ಹಿರಿಯರು ಕಡಲು ನೋಡುತ್ತಿದ್ದಾರೆ, ಒಂದೊಂದು ರಾಶಿಯಿಂದ ಏಳೇಳು ತೆಗೆದು ಇದಕ್ಕೆ ಸೇರಿಸಿದರೆ ಸಾಕು ಮಾವ, ಎಲ್ಲರಿಗೂ ನಲವತ್ತಮೂರು, ಒಂದೂ ಉಳಿಯುವುದಿಲ್ಲ, ಇದನ್ನು ಬಾಯಿಬಿಟ್ಟು ಹೇಳಿದೆನೋ ಇಲ್ಲವೋ, ಮುದುಕ ಮೊಣಕಾಲೂರಿದ, ಮೊದಲ ರಾಶಿಗೆ ಕೈ ಹಾಕಿದ, ಒಂದು, ಎರಡು, ಅವನ ತುಟಿ ಎಣಿಸುತ್ತಿದೆ, ಏಳಕ್ಕೆ ನಿಂತಿತು, ಎರಡನೇ ರಾಶಿಗೆ ಸರಿದ, ನನಗೆ ಅವನೂ ಕಾಣುತ್ತಿಲ್ಲ, ರಾಶಿಗಳೂ ಕಾಣುತ್ತಿಲ್ಲ, ಬರಿ ಮರಳು, ಅದರ ಮೇಲೆ ಒಂದು ಮೀನು, ಬಿಚ್ಚಿದ ಒಂದು ರೆಕ್ಕೆ