ಸ್ಕರಾಮೆಲ್ಲಿಯ ಶಾರೀರ

ಪಾರ್ಮಾದ ಒಪೇರಾ ಮಂದಿರದಲ್ಲಿ ತೀರಾ ಮೇಲಿನ ಅಂತಸ್ತಿನ ಬೆಂಚುಗಳಿಗೆ ಒರಗಿಕೊಳ್ಳಲು ಬೆನ್ನಿರಲಿಲ್ಲ. ಅಲ್ಲಿ ಕೂರುವವರು ಹಂದಿಮಾಂಸ ಮಾರುವವರು, ದರ್ಜಿಗಳು, ಚಮ್ಮಾರರು. ಆದರೂ ಗಾಯಕರು ಹೆದರುತ್ತಿದ್ದದ್ದು ಆ ಬೆಂಚುಗಳಿಗೇ. ಕೆಳಗೆ ಮಖಮಲ್ಲಿನ ಕುರ್ಚಿಯವರು ಮರ್ಯಾದೆಗಾಗಿ ಚಪ್ಪಾಳೆ ತಟ್ಟಿಯಾರು. ಮೇಲಿನವರಿಗೆ ಆ ಹಂಗಿರಲಿಲ್ಲ. ಅವರಲ್ಲಿ ಕೊನೆಯ ಮಾತು ಅನ್ಸೆಲ್ಮೊ ಪೆಲ್ಲೆಗ್ರಿಯದು.

ಅನ್ಸೆಲ್ಮೊ ತಾಮ್ರದ ಕೆಲಸದವನು. ಚೀಸ್ ಮಾಡುವವರು ಹಾಲು ಕಾಯಿಸುವ ಆಳೆತ್ತರದ ಹಂಡೆಗಳನ್ನು ನಲವತ್ತು ವರ್ಷದಿಂದ ಬಡಿಯುತ್ತಿದ್ದ. ಸಂಗೀತ ಓದಿದವನಲ್ಲ. ಆದರೆ ಗಾಯಕ ಕೂದಲೆಳೆಯಷ್ಟು ಶ್ರುತಿ ತಪ್ಪಿದರೂ ಅವನ ಹುಬ್ಬು ಗಂಟಿಕ್ಕುತ್ತಿತ್ತು. ಅಕ್ಕಪಕ್ಕದವರು ವೇದಿಕೆಯನ್ನು ನೋಡಿದಷ್ಟೇ ಅವನ ಹುಬ್ಬನ್ನೂ ನೋಡುತ್ತಿದ್ದರು.

ಅವನು ಜೀವ ಇಟ್ಟುಕೊಂಡಿದ್ದದ್ದು ಎರ್ಮಾನ್ನೊ ಸ್ಕರಾಮೆಲ್ಲಿಯ ಮೇಲೆ. ಯುದ್ಧ ಮುಗಿದ ವರ್ಷ, ಹೆಸರೇ ಇಲ್ಲದ ಆ ಹುಡುಗ ಮೊದಲ ಸಲ ನಾಯಕನ ಪಾತ್ರ ಹಾಡಿದಾಗ ಎದ್ದು ನಿಂತು ಕೂಗಿದವನು ಅನ್ಸೆಲ್ಮೊನೇ. ಟೆನರ್ ಎನ್ನುವ ಎತ್ತರದ ಗಂಡುದನಿಗಳು ಊರಿಗೆ ಹತ್ತಾರು ಸಿಕ್ಕಾವು. ಆದರೆ ಸ್ಕರಾಮೆಲ್ಲಿ ತಾರಸ್ಥಾಯಿಗೆ ಏರಿದಾಗ ಸ್ವರದ ಮೇಲೆ ಇನ್ನೊಂದು ಹೊಳಪು ಏಳುತ್ತಿತ್ತು, ಕಂಚಿನ ಗಂಟೆ ಹೊಡೆದ ಮೇಲೆ ಉಳಿಯುವ ನಾದದ ಹಾಗೆ. ಅರವತ್ತು ವಾದ್ಯ ಮೊರೆದರೂ ಅದು ಸೀಳಿಕೊಂಡು ಮೇಲಿನ ಬೆಂಚಿಗೆ ಬಂದು ಮುಟ್ಟುತ್ತಿತ್ತು.

ಅರವತ್ತೊಂದರ ಚಳಿಗಾಲದ ಹೊತ್ತಿಗೆ ಆ ಹೊಳಪಿನ ಬಗ್ಗೆಯೇ ಜಗಳ ಹತ್ತಿಕೊಂಡಿತು. ಪ್ರತಿ ಭಾನುವಾರ ಬೆಳಿಗ್ಗೆ ಚರ್ಚು ಮುಗಿದ ಮೇಲೆ ಮೇಲಿನ ಬೆಂಚಿನವರೆಲ್ಲ ಸೇರುವುದು ನದಿಯಾಚೆಯ ಒಂದು ವೈನ್ ಅಂಗಡಿಯಲ್ಲಿ.

"ಶಾರೀರ ಹೋಯ್ತು," ಎಂದ ಅನ್ಸೆಲ್ಮೊ, ಬಿಳಿ ಬಟ್ಟಲಿನಲ್ಲಿ ನೊರೆಗಟ್ಟಿದ ಕೆಂಪು ವೈನನ್ನು ನೋಡುತ್ತ. "ಮೂರು ವರ್ಷದಿಂದ ನೋಡ್ತಿದ್ದೀನಿ. ಕಂಬಳಿ ಹೊದ್ದು ಹಾಡಿದ ಹಾಗಿದೆ. ಸ್ವರ ಇದೆ, ಹೊಳಪಿಲ್ಲ."

"ಕಂಬಳಿ ಹೊದ್ದಿರೋದು ನಿನ್ನ ತಲೆ," ಎಂದಳು ಅರ್ಜಿಯಾ. ಅನೋಲಿನಿ ಎಂಬ ಹೂರಣದ ಪುಟ್ಟ ಕಡುಬು ಮಾಡಿ ಮಾರುವ ವಿಧವೆ. ಉಗುರಿನ ಸಂದಿನಲ್ಲಿ ಯಾವಾಗಲೂ ಹಿಟ್ಟು. ಗಂಡಸರ ಮಧ್ಯೆ ಕೂತು ಅನ್ಸೆಲ್ಮೊನಿಗೆ ಎದುರು ಹೇಳುತ್ತಿದ್ದವಳು ಅವಳೊಬ್ಬಳೇ. "ಹೋದ ತಿಂಗಳು ಮೂರನೇ ಅಂಕದಲ್ಲಿ ಆ ಸ್ವರ ಹಿಡಿದು ನಿಲ್ಸಿದ್ನಲ್ಲ, ನನ್ನ ತೋಳಿನ ರೋಮ ಎದ್ದು ನಿಂತ್ವು."

"ಚಳಿಗೆ ಕಣೇ ಅದು," ಎಂದ ಹಂದಿಮಾಂಸದ ಅಂಗಡಿಯ ನೂಲ್ಲೊ. ಎಲ್ಲರೂ ನಕ್ಕರು. "ಮೇಸ್ತ್ರಿ ಹೇಳಿದ್ಮೇಲೆ ಮುಗೀತು. ನನಗೂ ಅನ್ನಿಸಿತ್ತು, ಹೇಳಿರಲಿಲ್ಲ ಅಷ್ಟೆ."

"ನಿನಗೆ ಅನ್ನಿಸೋದೆಲ್ಲ ಇವನು ಹೇಳಿದ ಮಾರನೇ ದಿನ ಅಲ್ವಾ ನೂಲ್ಲೊ?" ಎಂದಳು ಅರ್ಜಿಯಾ.

ಅನ್ಸೆಲ್ಮೊ ನಗಲಿಲ್ಲ. ಅವನಿಗೆ ಸಂಕಟವಾಗಿತ್ತು. ಪ್ರೀತಿಸಿದ ದನಿ ಕಣ್ಣೆದುರೇ ಸಾಯುವುದನ್ನು ನೋಡುತ್ತಿದ್ದೇನೆಂದು ಅವನು ನಂಬಿದ್ದ. ಸತ್ತದ್ದನ್ನು ಬದುಕಿದೆ ಎನ್ನುವುದು ಆ ದನಿಗೇ ಮಾಡುವ ದ್ರೋಹ ಎಂದೂ ನಂಬಿದ್ದ.

ಜನವರಿಯಲ್ಲಿ ಸ್ಕರಾಮೆಲ್ಲಿ ಮತ್ತೆ ಬಂದ. ಮೂರನೆಯ ಅಂಕದ ದೊಡ್ಡ ಹಾಡಿನ ಕೊನೆಯ ಸ್ವರವನ್ನು ಎತ್ತಿದ, ಹಿಡಿದ, ಬಿಟ್ಟ. ಅನ್ಸೆಲ್ಮೊನಿಗೆ ಕೇಳಿಸಿದ್ದು ಮಂಕಾದ, ಮೊಂಡಾದ ಒಂದು ಕೂಗು. ಚಪ್ಪಾಳೆ ಏಳುವ ಮುನ್ನ ಒಂದು ಕ್ಷಣ ಇಡೀ ಮಂದಿರ ಉಸಿರು ಹಿಡಿದಿರುತ್ತದಲ್ಲ, ಆ ಕ್ಷಣದಲ್ಲಿ ಅವನು ಎದ್ದು ನಿಂತ.

"ಗಂಟೆ ಒಡೆದಿದೆ, ಎರ್ಮಾನ್ನೊ! ಮನೆಗೆ ಹೋಗು!"

ನೂಲ್ಲೊ ಧಿಕ್ಕಾರದ ಶಿಳ್ಳೆ ಹಾಕಿದ. ಅದರ ಹಿಂದೆಯೇ ಹತ್ತು, ಅದರ ಹಿಂದೆ ನೂರು. ಅರ್ಜಿಯಾ ಬೆಂಚಿನ ಮೇಲೆ ನಿಂತು "ಮುಚ್ರೋ ಬಾಯಿ, ಕತ್ತೆಗಳಾ!" ಎಂದು ಕಿರುಚಿದ್ದು ಯಾರಿಗೂ ಕೇಳಲಿಲ್ಲ. ಸ್ಕರಾಮೆಲ್ಲಿ ಕೈ ಇಳಿಸಿ ಮೇಲಕ್ಕೆ ನೋಡಿದ. ಬಯ್ಯಲಿಲ್ಲ, ಕೋಪವೂ ಮಾಡಲಿಲ್ಲ. ಯಾರೋ ಹೆಸರು ಹಿಡಿದು ಕರೆದಂತೆ ಹುಡುಕುತ್ತಿದ್ದ, ಅಷ್ಟೆ.

ಎರಡನೆಯ ಪ್ರದರ್ಶನದಲ್ಲಿ ಅದೇ ಜಾಗಕ್ಕೆ ಬರುವಷ್ಟರಲ್ಲಿ ಅವನ ಗಂಟಲು ಕಟ್ಟಿತು. ಮೂರನೆಯದಕ್ಕೆ ಬದಲಿ ಗಾಯಕ ಬಂದ. ಸುದ್ದಿ ಬೇರೆ ಊರುಗಳಿಗೂ ಹಬ್ಬಿತು. ಈಸ್ಟರ್ ಹೊತ್ತಿಗೆ ಅವನ ಹೆಸರು ಯಾವ ಊರಿನ ಗಾಯಕರ ಪಟ್ಟಿಯಲ್ಲೂ ಇರಲಿಲ್ಲ.

ಜುಲೈಯಲ್ಲಿ ಒಂದು ಮಧ್ಯಾಹ್ನ ಅನ್ಸೆಲ್ಮೊ ಹಿತ್ತಲಲ್ಲಿ ಕೂತು ಕಲ್ಲಂಗಡಿ ಹೆಚ್ಚುತ್ತಿದ್ದ. ಹೆಂಡತಿ ದೀರ್ಚೆ ಬಾಗಿಲಿಗೆ ಬಂದು ಎರಡೂ ಕಿವಿ ಮುಚ್ಚಿಕೊಂಡಳು.

"ಥೂ, ಈ ಜೀರುಂಡೆಗಳು! ಒಂದು ಗಳಿಗೆ ಮಲಗೋಕೆ ಬಿಡಲ್ಲ."

"ಯಾವ ಜೀರುಂಡೆ? ಈ ವರ್ಷ ಬಂದೇ ಇಲ್ವಲ್ಲ."

ಅವಳು ತಮಾಷೆ ಎಂದುಕೊಂಡು ನಗಲು ಹೊರಟವಳು ಅವನ ಮುಖ ನೋಡಿ ನಿಲ್ಲಿಸಿದಳು. ಅವನ ಕೈ ಹಿಡಿದು ಅಂಜೂರದ ಮರದಡಿಗೆ ಕರೆದೊಯ್ದು ಕಾಂಡ ತೋರಿಸಿದಳು. ಅವನ ಮೂಗಿನಿಂದ ಗೇಣು ದೂರದಲ್ಲಿ ಒಂದು ಜೀರುಂಡೆ ಕೂತಿತ್ತು. ಅದರ ಹೊಟ್ಟೆ ಅದುರುತ್ತಿತ್ತು. ಅನ್ಸೆಲ್ಮೊನಿಗೆ ಏನೂ ಕೇಳಿಸಲಿಲ್ಲ.

"ಹೋದ ವರ್ಷಾನೂ ಬಂದಿಲ್ಲ ಅಂದಿದ್ರಿ," ಎಂದಳು ದೀರ್ಚೆ ಮೆಲ್ಲಗೆ. "ನಾನು ಸುಮ್ನಾದೆ."

ಕಿವಿಯ ಡಾಕ್ಟರು ಅವನ ತಲೆಗೆ ಯಂತ್ರದ ತಂತಿ ಸಿಕ್ಕಿಸಿ ಒಂದೊಂದೇ ಸ್ವರ ಕೇಳಿಸಿದರು. ಆಮೇಲೆ ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಮಾತು ಕೇಳುವ ಭಾಗದವರೆಗೆ ನೆಟ್ಟಗೆ ಬಂದ ಗೆರೆ ಅಲ್ಲಿಂದಾಚೆ ಬಾವಿಗೆ ಬಿದ್ದ ಹಾಗೆ ಕೆಳಗಿಳಿದಿತ್ತು.

"ನಲವತ್ತು ವರ್ಷದ ಸುತ್ತಿಗೆ ಸದ್ದು ಕಣ್ರಿ. ಮೇಲಿನ ನಾದ ಪೂರ್ತಿ ಹೋಗಿದೆ. ಇವತ್ತಿನದಲ್ಲ, ಹತ್ತು ವರ್ಷದಿಂದ ಹೋಗ್ತಾ ಬಂದಿದೆ."

"ಹಾಡೋರ ದನಿ?"

"ಕೇಳ್ಸುತ್ತೆ. ಸ್ವಲ್ಪ ಮಂಕಾಗಿ, ಬಟ್ಟೆ ಮುಚ್ಚಿದ ಹಾಗೆ. ದನಿಯ ಹೊಳಪೆಲ್ಲ ಇರೋದು ಆ ಮೇಲಿನ ಭಾಗದಲ್ಲೇ ಅಲ್ವಾ."

ಅನ್ಸೆಲ್ಮೊ ಟೋಪಿ ಮರೆತು ಆಚೆ ಬಂದ. ಡಾಕ್ಟರು ಹಿಂದಿನಿಂದ ಕೂಗಿದ್ದು ಅವನಿಗೆ ಕೇಳಿಸಿತು. ತಿರುಗಲಿಲ್ಲ.

ಭಾನುವಾರ ವೈನ್ ಅಂಗಡಿಯಲ್ಲಿ ನಿಂತುಕೊಂಡೇ ಎಲ್ಲ ಹೇಳಿದ. ಗೆರೆ ಎಳೆದ ಕಾಗದವನ್ನೂ ಮೇಜಿನ ಮೇಲಿಟ್ಟ.

"ವಯಸ್ಸಾದ್ಮೇಲೆ ಎಲ್ಲರಿಗೂ ಆಗುತ್ತೆ, ಮೇಸ್ತ್ರಿ," ಎಂದ ನೂಲ್ಲೊ. "ಮನಸ್ಸಿಗೆ ಹಚ್ಕೋಬೇಡಿ."

"ನನ್ನ ಕಿವಿ ವಿಷಯ ಅಲ್ಲ ಕಣೋ. ಅವನ ದನಿ ಚೆನ್ನಾಗಿತ್ತು. ನಾನು ಕಿವುಡ. ಕಿವುಡನ ಮಾತು ಕೇಳಿ ನೀವು ಶಿಳ್ಳೆ ಹೊಡೆದ್ರಿ."

"ನಿಮ್ಮ ಕಿವಿ ಹೋಗಿರಬಹುದು. ನಂದು ನೆಟ್ಟಗಿದೆ. ಆ ಹೊಳಪು ಇರಲಿಲ್ಲ. ನಾನೇ ಕೇಳಿದ್ದೀನಿ," ಎಂದ ನೂಲ್ಲೊ.

"ನಾನೂ ಕೇಳಿದೆ," ಎಂದ ಒಬ್ಬ ದರ್ಜಿ. "ಒಡೆದ ಗಂಟೇನೇ."

"ಅದು ನನ್ನ ಮಾತು!" ಅನ್ಸೆಲ್ಮೊ ಕಾಗದದ ಮೇಲೆ ಗುದ್ದಿದ. "ನೀನು ಕೇಳಿದ್ದು ಅವನ ಹಾಡಲ್ಲ, ನನ್ನ ಕೂಗು!"

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಹಾಗೇ ಕೇಳಿಸಿತ್ತೆಂದು ಅವರಿಗೆ ನೆನಪಿತ್ತು, ಇನ್ನು ಆ ನೆನಪನ್ನು ಯಾರೂ ತಿದ್ದಲಾರರು. ನೂಲ್ಲೊ ಅವನ ಬಟ್ಟಲಿಗೆ ವೈನ್ ಬಗ್ಗಿಸಿ ಬೇರೆ ಮಾತು ತೆಗೆದ.

ಮೂಲೆಯಲ್ಲಿ ಕೂತಿದ್ದ ಅರ್ಜಿಯಾ ಆಚೆಯವರೆಗೆ ಅವನ ಜೊತೆ ಬಂದಳು. ಗೆದ್ದೆ ಎಂಬ ಭಾವ ಅವಳ ಮುಖದಲ್ಲಿರಲಿಲ್ಲ. "ಅವನಿಗೆ ಹೇಳು," ಎಂದಳಷ್ಟೆ.

ಸ್ಕರಾಮೆಲ್ಲಿ ಪೋ ನದಿಯ ದಂಡೆಯ ಹಳ್ಳಿಯಲ್ಲಿ ಅಕ್ಕನ ಮನೆಯಲ್ಲಿದ್ದ. ಬಸ್ಸಿಳಿದು, ಧೂಳಿನ ದಾರಿಯಲ್ಲಿ ಒಂದು ಗಂಟೆ ನಡೆದು ಅನ್ಸೆಲ್ಮೊ ಅಲ್ಲಿಗೆ ಹೋದ. ಸ್ಕರಾಮೆಲ್ಲಿ ನಲವತ್ತೈದರ ಗಂಡಸು, ದಪ್ಪಗಾಗಿದ್ದ, ಗಡ್ಡ ಬೋಳಿಸಿರಲಿಲ್ಲ. ಅನ್ಸೆಲ್ಮೊ ಹೇಳಿದ್ದನ್ನೆಲ್ಲ ಅಡ್ಡ ಮಾತಾಡದೆ ಕೇಳಿದ.

"ಆ ದನಿ ನಿಮ್ಮದಾ?" ಎಂದ ಕೊನೆಗೆ. "ಎಷ್ಟೊಂದು ಸಲ ಯೋಚಿಸಿದ್ದೀನಿ, ಯಾರಿರಬಹುದು ಅಂತ. ದ್ವೇಷ ಇರಲಿಲ್ಲ ಅದರಲ್ಲಿ. ಅಳೋ ಹಾಗಿತ್ತು. ಅದಕ್ಕೇ ನಂಬಿದೆ."

"ನಂಬಬೇಡಿ. ಕಾಗದ ನೋಡಿ."

"ನೋಡಿದೆ." ಸ್ಕರಾಮೆಲ್ಲಿ ಎದ್ದು ಪಿಯಾನೋ ಹತ್ತಿರ ಹೋದ. "ಆ ದಿನದಿಂದ ನಾನು ಹಾಡಿದಾಗೆಲ್ಲ ನೀವು ಹೇಳಿದ್ದೇ ಕೇಳ್ಸುತ್ತೆ. ಹೊಳಪಿದೆಯಾ ಅಂತ ಹುಡುಕ್ತೀನಿ, ಹುಡುಕ್ತಾ ಹುಡುಕ್ತಾ ಗಂಟಲು ಹಿಡಿಯುತ್ತೆ."

ಒಂದು ಸ್ವರ ಮುಟ್ಟಿ, ಎದೆ ತುಂಬ ಉಸಿರೆಳೆದು, ಅದೇ ಹಾಡಿನ ಕೊನೆಯ ಸಾಲನ್ನು ಹಾಡಿದ. ಹಾಡುವಾಗ ಕಣ್ಣು ಅನ್ಸೆಲ್ಮೊನ ಮುಖದ ಮೇಲೇ ಇತ್ತು. ಅನ್ಸೆಲ್ಮೊನಿಗೆ ಕೇಳಿಸಿದ್ದು ಅದೇ ಕಂಬಳಿ ಹೊದ್ದ ದನಿ. ಅದರಾಚೆ ಏನಿದೆ, ಏನಿಲ್ಲ, ತಿಳಿಯುವ ದಾರಿಯೇ ಅವನಿಗಿರಲಿಲ್ಲ.

"ಇದೆ," ಎಂದ. "ಹಾಗೇ ಇದೆ."

ಸ್ಕರಾಮೆಲ್ಲಿ ನಕ್ಕ. ಆ ನಗುವಿನಲ್ಲಿ ಕೊಂಕಿರಲಿಲ್ಲ. "ನಿಮಗೆ ಹೇಗೆ ಗೊತ್ತು, ಮೇಸ್ತ್ರಿಗಳೇ?"

ಅನ್ಸೆಲ್ಮೊ ಊರಿಗೆ ಬಂದವನೇ ಅರ್ಜಿಯಾಳ ಅಂಗಡಿಗೆ ಹೋದ. ಅವಳ ಮುಂದೆ ಕೈ ಮುಗಿಯುವುದೊಂದು ಬಾಕಿ. ನಿನ್ನ ಕಿವಿ ಸುಳ್ಳಾಡಲ್ಲ, ನೀನು ಹೋಗಿ ಕೇಳು, ಇದೆ ಅಂತ ನೀನು ಹೇಳಿದರೆ ಅವನು ನಂಬಿಯಾನು ಎಂದ. ಅವಳು ಮುಂದಿನ ಸೋಮವಾರ ಅಂಗಡಿ ಮುಚ್ಚಿ ಹೋದಳು. ಮಂಗಳವಾರ ಬೆಳಿಗ್ಗೆ ಅವನು ಬಂದಾಗ ಹಿಟ್ಟು ನಾದುತ್ತಿದ್ದಳು.

"ಮೂರು ಸಲ ಹಾಡಿದ," ಎಂದಳು, ತಲೆ ಎತ್ತದೆ. "ಜನವರಿಯಲ್ಲಿ ಇತ್ತು, ಅನ್ಸೆಲ್ಮೊ. ದೇವರಾಣೆ ಇತ್ತು. ಈಗಿಲ್ಲ. ಹೆದರಿ ಹೆದರಿ ಗಂಟಲನ್ನೇ ಬಿಗಿದಿಟ್ಟುಕೊಂಡಿದ್ದಾನೆ. ಒಳಗೆ ಆ ಹೊಳಪು ಉಳಿದಿಲ್ಲ."

"ಅವನಿಗೆ ಹೇಳಿದೆಯಾ?"

"ಕೇಳಿದ. ಬೇಕಾದ್ರೆ ಸುಳ್ಳಾದ್ರೂ ಹೇಳೋಣ ಅಂತ ಹೋಗಿದ್ದೆ. ಬಾಯಿ ಬರಲಿಲ್ಲ."

"ಏನಂದ?"

"ಪಿಯಾನೋ ಮುಚ್ಚಿ ಕಾಫಿ ಮಾಡಿಕೊಟ್ಟ." ಅವಳು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. "ನೀನು ಹೋಗು ಇಲ್ಲಿಂದ. ಇವತ್ತು ನಿನ್ನ ಮುಖ ನೋಡೋಕಾಗಲ್ಲ."

ಡಿಸೆಂಬರಿನಲ್ಲಿ ಹೊಸ ಟೆನರ್ ಬಂದ. ಮೇಲಿನ ಬೆಂಚಿನವರು ಅನ್ಸೆಲ್ಮೊನ ಜಾಗವನ್ನು ಖಾಲಿ ಬಿಟ್ಟು ಕಾದರು. ಅವನು ಹೋಗಲಿಲ್ಲ. ಭಾನುವಾರ ಮಧ್ಯಾಹ್ನದ ಆಟಕ್ಕೆ ದೀರ್ಚೆ ಅರ್ಜಿಯಾಳ ಜೊತೆ ಹೋದಳು, ಮೂವತ್ತು ವರ್ಷದಲ್ಲಿ ಮೊದಲ ಸಲ ಗಂಡ ಇಲ್ಲದೆ. ಸಂಜೆ ಮನೆಗೆ ಬಂದವಳ ಕೆನ್ನೆ ಕೆಂಪಾಗಿತ್ತು. ಹೊಸ ಗಾಯಕನ ಮಾತು ತುಟಿಯವರೆಗೆ ಬಂದಿತ್ತು. ಅಡುಗೆಮನೆಯಲ್ಲಿ ದೀಪ ಹಾಕದೆ ಕೂತಿದ್ದ ಗಂಡನನ್ನು ಕಂಡು ನಿಂತಳು.

"ತುಂಬ ಚಳಿ ಅಲ್ಲಿ," ಎಂದು ಶಾಲು ತೆಗೆದು ಮೊಳೆಗೆ ಹಾಕಿದಳು.

ಹೇಗೆ ಹಾಡಿದ ಎಂದು ಅವನು ಕೇಳಲಿಲ್ಲ. ಅವಳು ಒಲೆ ಹಚ್ಚಿ ಸಾರು ಬಿಸಿಗಿಟ್ಟಳು.