ಕಡಲ್ಗುದುರೆಗಳ ಊಟದ ಹೊತ್ತು

"ಆ ಹಳದಿಯದು ನನಗೇ ಕಣ್ಣು ಹೊಡೀತಿದೆ ಕಣೇ, ಅದನ್ನೇ ತಗೋ," ಎಂದು ಭೆಕಾನಿ ಹೆಂಡತಿಗೆ ಹೇಳುತ್ತ ತೊಟ್ಟಿಯ ಗಾಜಿನ ಮೇಲೆ ಟಕಟಕ ಬಡಿದ.

"ಬಡೀಬೇಡಪ್ಪಾ! ನೀನು ಮಲಗಿದ್ದಾಗ ಯಾರಾದ್ರೂ ಗೋಡೆಗೆ ಸುತ್ತಿಗೆ ಹಾಕಿದ್ರೆ ಸುಮ್ನಿರ್ತೀಯಾ?" ಎಂದರು ಸರೋಜಾ ಗೌಂಡನ್. ಡರ್ಬನ್ನಿನ ಬ್ಲಫ್ ಗುಡ್ಡದ ಮೇಲೆ, ತಮ್ಮ ಮನೆಯ ಕಾರು ಶೆಡ್ಡಿನಲ್ಲಿ, ಆ ಮುದುಕಿ ಬಹಳ ಕಾಲದಿಂದ ಕಡಲ್ಗುದುರೆಗಳನ್ನು ಮರಿ ಮಾಡಿಸಿ ಸಾಕುತ್ತಿದ್ದರು.

ಭೆಕಾನಿ ಕೈ ಹಿಂದಕ್ಕೆಳೆದುಕೊಂಡ. ಉಮ್ಲಾಜಿಯಿಂದ ಪೇಟೆಗೆ ಟ್ಯಾಕ್ಸಿ ಓಡಿಸುವ ಅವನಿಗೆ ಕಾಯುವುದೆಂದರೆ ಶಿಕ್ಷೆ. ಮನೆಗೆ ದೊಡ್ಡ ತೊಟ್ಟಿ ತಂದವನೂ ಅವನೇ, ಬಣ್ಣದ ಮೀನುಗಳನ್ನು ತುಂಬಿ, ಹಿಡಿಹಿಡಿ ತಿಂಡಿ ಸುರಿದು, ವಾರದೊಳಗೆ ಎಲ್ಲವನ್ನೂ ಸಾಯಿಸಿದವನೂ ಅವನೇ. ಬರಿದಾದ ತೊಟ್ಟಿಯನ್ನು ತಿಕ್ಕಿ ತೊಳೆದು, ಉಪ್ಪುನೀರನ್ನು ತಿಂಗಳುಗಟ್ಟಲೆ ಹದಕ್ಕೆ ತಂದವಳು ಹೆಂಡತಿ ದೆಲಿಸೀಲೆ. ಶಾಲೆಮಕ್ಕಳ ಸಮವಸ್ತ್ರ ಹೊಲಿಯುತ್ತ ಹಗಲೆಲ್ಲ ಮನೆಯಲ್ಲೇ ಇರುವವಳು.

ಸರೋಜಾ ಮಂಜುಗಡ್ಡೆ ಕರಗಿಸಿ ತೆಗೆದ ಪುಟ್ಟ ಸಿಗಡಿಗಳನ್ನು ಉದ್ದನೆಯ ಕೊಳವೆಯಿಂದ ನೀರಿಗೆ ಬಿಟ್ಟರು. ಹಳದಿಯದು ತಿರುಗಿಯೂ ನೋಡಲಿಲ್ಲ. ಮೂಲೆಯಲ್ಲಿದ್ದ ಮಾಸಲು ಕಂದು ಗಂಡು ಮಾತ್ರ ಒಂದು ಕಣ್ಣನ್ನು ಸಿಗಡಿಯ ಮೇಲೂ ಇನ್ನೊಂದನ್ನು ದೆಲಿಸೀಲೆಯ ಮೇಲೂ ಇಟ್ಟು ನಿಧಾನವಾಗಿ ತೇಲಿ ಬಂತು. ಕತ್ತು ಬಾಗಿಸಿತು. ಟಿಕ್! ಸಿಗಡಿ ಮಾಯ.

"ಅಯ್ಯೋ, ನುಂಗಿದ್ದೇ ಕಾಣ್ಲಿಲ್ಲ!" ಎಂದಳು ದೆಲಿಸೀಲೆ.

"ಹಲ್ಲಿಲ್ಲ, ಹೊಟ್ಟೆ ಅನ್ನೋ ಚೀಲಾನೂ ಇಲ್ಲ. ತಿಂದಿದ್ದು ಹಾಗೇ ಇಳಿದುಹೋಗುತ್ತೆ. ದಿನಕ್ಕೆ ಮೂರು ಸಲನಾದ್ರೂ ಬಡಿಸ್ಬೇಕು. ಬಣ್ಣ ನೋಡ್ಬೇಡ ಮಗಳೇ, ತಿನ್ನೋದು ನೋಡು. ಬಾಲ ಗಟ್ಟಿ ಹಿಡೀತದಾ ನೋಡು."

"ಹೊಟ್ಟೆ ಇಲ್ದೆ ಮೂರು ಹೊತ್ತು ಊಟ! ಥೇಟ್ ನಿಮ್ಮಣ್ಣನೇ ಕಣೇ," ಎಂದ ಭೆಕಾನಿ ಹೆಂಡತಿಗೆ.

ದೆಲಿಸೀಲೆ ಆ ಕಂದು ಗಂಡನ್ನೂ, ಅದರ ಬೆನ್ನಿಗೇ ಬಂದು ಸಿಗಡಿ ಕಸಿದ ಚುಕ್ಕೆಚುಕ್ಕೆಯ ಹೆಣ್ಣನ್ನೂ ಆರಿಸಿದಳು.

ಗಂಡು ಮರುದಿನವೇ ಹೊಸ ಮನೆಗೆ ಹೊಂದಿಕೊಂಡು ತಿಂದಿತು. ಹೆಣ್ಣು ತಿನ್ನಲಿಲ್ಲ. ಬಾಲವನ್ನು ಕಲ್ಲಿಗೆ ಸುತ್ತಿ, ಗೋಡೆಗೆ ಮುಖ ಮಾಡಿ ನಿಂತುಬಿಟ್ಟಿತು. ಸಿಗಡಿ ಮೂತಿಯ ಮುಂದೆಯೇ ಹಾದುಹೋದರೂ ಅಲ್ಲಾಡಲಿಲ್ಲ. ದೆಲಿಸೀಲೆ ನೀರು ತಿರುಗಿಸುವ ಪಂಪು ನಿಲ್ಲಿಸಿ ನೋಡಿದಳು, ಸರೋಜಾ ಅವರನ್ನು ಕೇಳಿ ಜೀವಂತ ಮರಿ ಸಿಗಡಿ ತಂದು ಬೆರೆಸಿ ನೋಡಿದಳು. ಹೆಣ್ಣಿನ ಹೊಟ್ಟೆಯ ಗೆರೆಗಳು ಒಳಕ್ಕೆ ಕುಸಿಯತೊಡಗಿದವು.

"ವಾಪಸ್ ಕೊಟ್ಬಿಡೋಣ. ಕಣ್ಮುಂದೆ ಸಾಯೋದು ಬೇಡ," ಎಂದ ಭೆಕಾನಿ. ಅವನ ದನಿ ಎಂದಿಗಿಂತ ತಗ್ಗಿತ್ತು.

"ಜೊತೇಲಿ ಬಂದಿವೆ. ಬಿಡಿಸೋಕೆ ನಾನ್ಯಾರು?" ಎಂದು ಅವಳು ಹೊಲಿಗೆ ಯಂತ್ರದ ಮುಂದೆ ಕೂತಳು. ಮೋಟಾರು ಗುರ್ರೆಂದಿತು. ಅದೇ ಕ್ಷಣ ಹೆಣ್ಣು ಬೆಚ್ಚಿ ತಲೆ ತಗ್ಗಿಸಿದ್ದು ಅವಳ ಕಣ್ಣಿಗೆ ಬಿತ್ತು. ಕಾಲು ತೆಗೆದಳು. ಮತ್ತೆ ಒತ್ತಿದಳು. ಮತ್ತೆ ಬೆಚ್ಚಿತು. ತೊಟ್ಟಿಯೂ ಯಂತ್ರವೂ ಒಂದೇ ಹಲಗೆ ನೆಲದ ಮೇಲಿದ್ದವು. ಇವಳ ಒಂದೊಂದು ಹೊಲಿಗೆಯೂ ಅದರ ನೀರನ್ನು ನಡುಗಿಸುತ್ತಿತ್ತು.

"ಭೆಕಾನಿ, ಈ ಹೊಲಿಗೆ ಮಿಷನ್ ಎತ್ತು. ಜಗುಲಿಗೆ."

"ಈ ಚಳಿಗಾಳೀಲಿ? ತಲೆ ಕೆಟ್ಟಿದೆಯೇನೇ?"

"ಕೆಟ್ಟಿದೆ. ಎತ್ತು."

ಅಲ್ಲಿ ನಡುಚಳಿಗಾಲವಾದ ಜುಲೈ ತಿಂಗಳ ಗಾಳಿಗೆ ಕಂಬಳಿ ಹೊದ್ದು, ಮರಗಟ್ಟಿದ ಬೆರಳುಗಳನ್ನು ಊದಿಕೊಳ್ಳುತ್ತ ಅವಳು ಜಗುಲಿಯಲ್ಲಿ ಹೊಲಿದಳು. ಊಟದ ಹೊತ್ತಿಗೆ ಮಾತ್ರ ಒಳಗೆ ಹೋಗಿ, ಕೊಳವೆ ಹಿಡಿದು, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು. ಒಂದು ಮಧ್ಯಾಹ್ನ ಭೆಕಾನಿ ಟ್ಯಾಕ್ಸಿಯನ್ನು ಬಾಗಿಲಲ್ಲೇ ನಿಲ್ಲಿಸಿ ಊಟಕ್ಕೆ ಬಂದಿದ್ದ. ಹೆಣ್ಣು ಕಲ್ಲಿನಿಂದ ಬಾಲ ಸಡಿಲಿಸಿತು. ಒಂದು ಕಣ್ಣು ತಿರುಗಿತು, ಆಮೇಲೆ ಇನ್ನೊಂದು.

ಟಿಕ್.

ಭೆಕಾನಿ ಕೂಗಲು ಬಾಯಿ ತೆರೆದವನು, ತನ್ನ ಅಂಗೈಯಿಂದ ತಾನೇ ಬಾಯಿ ಮುಚ್ಚಿಕೊಂಡ. ಅವನ ಕಣ್ಣು ತುಂಬಿದ್ದನ್ನು ನೋಡಿದ ದೆಲಿಸೀಲೆ ನೋಡದವಳಂತೆ ಇನ್ನೊಂದು ಸಿಗಡಿ ಬಿಟ್ಟಳು.

ಮುಂದಿನ ಭಾನುವಾರ ಅವನ ಜೊತೆಗಾರ ಡ್ರೈವರುಗಳು ಸುಟ್ಟ ಮಾಂಸದ ತಟ್ಟೆಗಳನ್ನು ಹಿಡಿದು ಗದ್ದಲ ಮಾಡುತ್ತ ಅಂಗಳದಿಂದ ಒಳನುಗ್ಗಿದರು. ಭೆಕಾನಿ ಬಾಗಿಲಿಗೆ ಅಡ್ಡ ನಿಂತ.

"ಶ್! ಊಟ ನಡೀತಿದೆ."

"ಯಾರ್ದೋ? ಮಂತ್ರಿಗಳು ಬಂದಿದಾರಾ?"

"ಬೂಟು ಬಿಚ್ಚಿ. ಮೆಲ್ಲಗೆ ಬನ್ನಿ. ಗಾಜು ಮುಟ್ಟಿದ್ರೆ ಕೈ ಮುರೀತೀನಿ."

ಅವರು ನಗುತ್ತಲೇ ಒಳಗೆ ಬಂದರು. ಆಮೇಲೆ ನಗು ನಿಂತಿತು. ಪೇಟೆಯ ಬೀದಿಗಳನ್ನೆಲ್ಲ ಅದುರಿಸುವ ಆ ದಢೂತಿ ಗಂಡಸರು ಗಾಜಿನ ಮುಂದೆ ಸಾಲಾಗಿ ಮೊಣಕಾಲೂರಿದರು. ತಟ್ಟೆಯಲ್ಲಿ ಮಾಂಸ ತಣ್ಣಗಾಗುತ್ತಿತ್ತು. ಊಟ ಮುಗಿಸಿದ ಎರಡು ಕಡಲ್ಗುದುರೆಗಳು, ಬಾಲಕ್ಕೆ ಬಾಲ ಹೆಣೆದುಕೊಂಡು, ತೊಟ್ಟಿಯ ತಳದಿಂದ ಬೆಳಕಿನ ಕಡೆಗೆ ಮೆಲ್ಲಗೆ ಏರುತ್ತಿದ್ದವು.