ಕಾಣೆಯಾದ ಕೆಂಪು ಕಲ್ಲು

ಕೋರ್ ಶೆಡ್ಡಿನಲ್ಲಿ ದುಡಿಯುವ ಹೆಂಗಸರ ಬೆರಳ ಸಂದುಗಳು ಸದಾ ಸೀಳಿರುತ್ತವೆ. ಯಂತ್ರ ನೆಲದಾಳದಿಂದ ಕೊರೆದು ತೆಗೆದ ಕಲ್ಲಿನ ಕೋಲುಗಳನ್ನು ನಾವು ತಣ್ಣೀರಿನಲ್ಲಿ ತಿಕ್ಕಿ ತೊಳೆಯುತ್ತೇವೆ. ಮುರಿದ ಮುಖಕ್ಕೆ ಮುರಿದ ಮುಖ ಕೂಡಿಸಿ, ಆಳದ ಪ್ರಕಾರ ಮರದ ಪೆಟ್ಟಿಗೆಗಳಲ್ಲಿ ಮಲಗಿಸುತ್ತೇವೆ. ಊಟಕ್ಕೆ ಕೂತರೆ ಉಪ್ಪು ತಾಗಿ ಕೈ ಉರಿಯುತ್ತದೆ.

ಆ ಬೆಳಿಗ್ಗೆ ಸರ್ಕಾರದ ಭೂವಿಜ್ಞಾನಿ ಬಂದಿದ್ದ. ಅವನು ‘ಅದಿರು ಮುಗಿದಿದೆ’ ಎಂದು ಬರೆದರೆ ಗಣಿಗೆ ಬೀಗ, ಮುನ್ನೂರು ಜನ ಬೀದಿಗೆ. ಆಮೇಲೆ ಬೇರೆ ಹೆಸರಿನಲ್ಲಿ ಅದೇ ಗಣಿ ತೆರೆದು ದಿನಗೂಲಿಯವರನ್ನು ಇಳಿಸುವುದು ಮಾಲೀಕರ ಹುನ್ನಾರ.

ಮ್ಯಾನೇಜರ್ ತಾನೇ ಪೆಟ್ಟಿಗೆಗಳ ಮುಚ್ಚಳ ತೆಗೆದ. “ನೋಡಿ ಸರ್, ಗ್ರಾನೈಟು ಮುಗೀತು, ಬಿಳಿ ಅಮೃತಶಿಲೆ ಶುರುವಾಯ್ತು. ತಾಮ್ರಾನೂ ಇಲ್ಲ, ಸತುವೂ ಇಲ್ಲ.”

ಮೂವತ್ತು ವರ್ಷದಿಂದ ಕಲ್ಲು ತೊಳೆಯುತ್ತಿದ್ದ ನನ್ನ ದೊಡ್ಡಮ್ಮ ಬಗ್ಗಿ ನೋಡಿದಳು. ಮೊದಲು ಮೂಗಿನಲ್ಲೇ ನಕ್ಕಳು. ಆಮೇಲೆ ಹೊಟ್ಟೆ ಹಿಡಿದುಕೊಂಡಳು.

“ಏನಮ್ಮ ನಗು?” ಎಂದ ಮ್ಯಾನೇಜರ್.

“ಅಲ್ಲ ಸಾಹೇಬ್ರೇ, ಅತ್ತೆ ಇದಾಳೆ, ಸೊಸೆ ಇದಾಳೆ, ನಡುವೆ ಮಗನೇ ಇಲ್ಲ. ಸಂಬಂಧ ಎಲ್ಲಿಂದ ಬಂತು?”

ಭೂವಿಜ್ಞಾನಿ ತಲೆಯೆತ್ತಿದ. “ಅಂದ್ರೆ?”

“ಕುದಿಯೋ ಗ್ರಾನೈಟು ಬಂದು ಸುಣ್ಣಕಲ್ಲಿಗೆ ಒರಗಿದ್ರೆ ಸುಣ್ಣಕಲ್ಲು ಸುಮ್ನಿರುತ್ತಾ? ಬೇಯುತ್ತೆ. ಹತ್ತಿರದ್ದು ಕೆಂಪು ಕಲ್ಲಾಗುತ್ತೆ, ತಾಮ್ರ ಅದರಲ್ಲಿ. ಆಮೇಲಿಂದು ಹಸಿರು, ಸತು ಅದರಲ್ಲಿ. ಬಿಳಿ ಅಮೃತಶಿಲೆ ಬರೋದು ಆಮೇಲೆ. ಈ ಗುಡ್ಡದಲ್ಲಿ ಎಲ್ಲಿ ಕೊರೆದ್ರೂ ಇದೇ ವರಸೆ.”

“ಇಲ್ಲಿ ನೆಲ ಬಿರುಕು ಬಿಟ್ಟು ಜಾರಿದೆ. ನಡುವಿನದು ಹೋಗಿದೆ” ಎಂದ ಮ್ಯಾನೇಜರ್.

“ಜಾರಿದ್ರೆ ತುದಿ ಪುಡಿಯಾಗಿರ್ಬೇಕಲ್ಲಪ್ಪ” ಎನ್ನುತ್ತ ದೊಡ್ಡಮ್ಮ ಗ್ರಾನೈಟಿನ ಕೋಲನ್ನೂ ಬಿಳಿ ಕೋಲನ್ನೂ ಎತ್ತಿ ತುದಿಗೆ ತುದಿ ಹಿಡಿದಳು. ಕೂಡಲಿಲ್ಲ. ತಿರುಗಿಸಿದಳು. ಆಗಲೂ ಕೂಡಲಿಲ್ಲ. “ಜಾತಕ ಹೊಂದ್ತಿಲ್ಲ ಸರ್.”

ಶೆಡ್ಡಿನಲ್ಲಿ ನಗು ಹೊತ್ತಿಕೊಂಡಿತು. ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರನ ಡ್ರೈವರ್ ಬಾಯಿಗೆ ಟವೆಲ್ ತುರುಕಿಕೊಂಡ. ಆದರೂ ತಡೆಯಲಾಗಲಿಲ್ಲ.

“ಮಗ ನಮ್ ಸಾಹೇಬ್ರ ಗ್ಯಾರೇಜಲ್ಲಿದಾನೆ ಅಕ್ಕ. ಹನ್ನೊಂದು ಪೆಟ್ಟಿಗೆ. ನಿನ್ನೆ ನಾನೇ ಇಳಿಸ್ದೆ, ಸೊಂಟ ಇನ್ನೂ ನೆಟ್ಟಗಾಗಿಲ್ಲ.”

ಗ್ಯಾರೇಜಿನತ್ತ ಯಾರು ಮೊದಲು ಓಡಿದರೋ ಗೊತ್ತಿಲ್ಲ. ಕ್ರಷರ್ ನಿಂತಿತು. ಸುರಂಗದಿಂದ ಮೇಲೆ ಬಂದ ಪಾಳಿಯವರು ಟೋಪಿಯ ದೀಪ ಆರಿಸುವುದನ್ನೂ ಮರೆತು ಜೊತೆಗೂಡಿದರು. ಪೆಟ್ಟಿಗೆಗಳು ತಲೆಯಿಂದ ತಲೆಗೆ ತೇಲಿ ಬಂದವು. ನಕ್ಕು ನಕ್ಕು ನಾನು ಎರಡು ಸಲ ಎಡವಿದೆ.

ದೊಡ್ಡಮ್ಮ ಗ್ರಾನೈಟಿನ ತುದಿಗೆ ಕೆಂಪು ಕೋಲನ್ನು ಒತ್ತಿದಳು. ಕಚ್ಚಿಕೊಂಡಿತು. ನೀರು ಚಿಮುಕಿಸಿದಾಗ ಅದರೊಳಗೆ ತಾಮ್ರದ ಅದಿರು ಹಳದಿಯಾಗಿ ಹೊಳೆಯಿತು. ಹಸಿರಿನ ತುದಿ ಬಿಳಿಗೆ ಕೂಡಿದಾಗ ಯಾರೋ ಶಿಳ್ಳೆ ಹೊಡೆದರು.

ಭೂವಿಜ್ಞಾನಿ ಮ್ಯಾನೇಜರನ ಮುಖ ನೋಡಿ ಪೆನ್ನಿನ ಮುಚ್ಚಳ ಹಾಕಿದ. “ಇದನ್ನೆಲ್ಲ ಪರಿಶೀಲಿಸ್ಬೇಕು. ನಾಳೆ ಬರ್ತೀನಿ.”

“ನಾಳೆ ಇನ್ಯಾರ ಗ್ಯಾರೇಜಲ್ಲಿ ಹುಡುಕೋಣ?” ಎಂದಳು ದೊಡ್ಡಮ್ಮ. “ಕೂತ್ಕೊಳ್ಳಿ. ಇಲ್ಲೇ ಬರೀರಿ.”

ಹೊರಗೆ ಭೂವಿಜ್ಞಾನಿಯ ಜೀಪಿನ ಸುತ್ತ, ಸುರಂಗದ ಬಾಯಿಯವರೆಗೂ, ಮುನ್ನೂರು ಜನ ಕುಕ್ಕರುಗಾಲಲ್ಲಿ ಕೂತಿದ್ದರು. ಅವನು ಕೂತ. ಬರೆದ. ಸಹಿ ಹಾಕಿದ.

“ಓದಿ” ಎಂದಳು.

ಅವನು ಓದಿದ: ಕೆಂಪು ಇದೆ, ಹಸಿರು ಇದೆ, ತಾಮ್ರ ಇದೆ, ಸತು ಇದೆ, ಗಣಿ ಮುಚ್ಚಲು ಕಾರಣವಿಲ್ಲ.

ನಮ್ಮಲ್ಲಿ ಹೆಚ್ಚಿನವರಿಗೆ ಅಕ್ಷರ ಬರುತ್ತಿರಲಿಲ್ಲ.

“ಸುರಂಗದ ಬಾಯಲ್ಲಿ ಇರೋರಿಗೆ ಕೇಳಿಸ್ಲಿಲ್ಲ” ಎಂದಳು ದೊಡ್ಡಮ್ಮ. “ಇನ್ನೊಂದ್ಸಲ. ಗಟ್ಟಿಯಾಗಿ.”